ಉಮಾಬಾಯಿ ಕುಂದಾಪುರ ಅವರ ಸ್ಮರಣೆಗಾಗಿ: ಧಾರವಾಡ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯರೇ,

ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ನೂರು ವರ್ಷ ತುಂಬಿದ್ದನ್ನು ರಾಜ್ಯ ಸರ್ಕಾರ 2024ರಲ್ಲಿ ಸ್ಮರಿಸಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದಾದ್ದರಿಂದ ಮಾತೆಲ್ಲ ಅವರ ಸುತ್ತಲೇ ನಡೆದದ್ದು ಸಹಜ. ಆದರೆ 1924ರ ಡಿಸೆಂಬರ್‌ನಲ್ಲಿ ಅಲ್ಲಿ ದುಡಿದ 150ಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಮನೆಮನೆಗೆ ಹೋಗಿ, ಹಿರಿಯರನ್ನು ಒಪ್ಪಿಸಿ ಕರೆತಂದ ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರ ಹೆಸರು ಇಂದು ಹುಬ್ಬಳ್ಳಿಯಲ್ಲೇ ಎಷ್ಟು ಜನರಿಗೆ ಗೊತ್ತಿದೆ ಎಂಬ ಪ್ರಶ್ನೆ ಈ ಪತ್ರಕ್ಕೆ ಕಾರಣ.

1892ರಲ್ಲಿ ಹುಟ್ಟಿದ ಅವರಿಗೆ ಬಾಲ್ಯದಲ್ಲೇ ಮದುವೆಯಾಯಿತು. ಸೊಸೆ ಓದಬೇಕೆಂದು ಹಟ ಹಿಡಿದವರು ಮಾವ ಆನಂದರಾವ್ ಕುಂದಾಪುರ. ಎಳೆಯ ವಯಸ್ಸಿನಲ್ಲೇ ಪತಿಯನ್ನು ಕಳೆದುಕೊಂಡ ಉಮಾಬಾಯಿ ಮಾವನೊಂದಿಗೆ ಮುಂಬೈ ಬಿಟ್ಟು ಹುಬ್ಬಳ್ಳಿಗೆ ಬಂದರು. ಮಾವ ಕರ್ನಾಟಕ ಪ್ರೆಸ್ ನಡೆಸಿದರೆ, ಸೊಸೆ ಭಗಿನಿ ಮಂಡಲ ಎಂಬ ಮಹಿಳಾ ಸಂಘವನ್ನು ಕಟ್ಟಿ ತಿಲಕ ಕನ್ಯಾ ಶಾಲೆಯ ಹೊಣೆ ಹೊತ್ತರು. ವಿಧವೆಯಾದವಳು ಹೊಸ್ತಿಲು ದಾಟುವುದೇ ತಪ್ಪೆನ್ನುತ್ತಿದ್ದ ಆ ಕಾಲದಲ್ಲಿ, ಡಾ. ನಾ. ಸು. ಹರ್ಡೀಕರ್ ಅವರು ಕಟ್ಟಿದ ಕಾಂಗ್ರೆಸ್ ಸ್ವಯಂಸೇವಕ ಪಡೆಯಾದ ಹಿಂದೂಸ್ತಾನಿ ಸೇವಾದಳದ ಮಹಿಳಾ ವಿಭಾಗವನ್ನು ಮುನ್ನಡೆಸಿ, ಬೆಳಗಾವಿಯ ಅಧಿವೇಶನಕ್ಕೆ ಹೋದವರಲ್ಲಿ ಎಷ್ಟೋ ವಿಧವೆಯರೂ ಇರುವಂತೆ ಮಾಡಿದ್ದು ಸಾಮಾನ್ಯ ಧೈರ್ಯದ ಕೆಲಸವಲ್ಲ. 1934ರ ಬಿಹಾರ ಭೂಕಂಪದ ಸುದ್ದಿ ತಿಳಿದಾಗಲೂ ಅವರು ಸ್ವಯಂಸೇವಕರ ಜೊತೆ ಅಷ್ಟು ದೂರ ಹೋಗಿ ನಿರಾಶ್ರಿತರ ಶಿಬಿರಗಳಲ್ಲಿ ದುಡಿದರು.

ಆದರೆ ತಮ್ಮ ಗಮನವನ್ನು ನಾನು ಸೆಳೆಯಬಯಸುವುದು 1932ರ ಕಡೆಗೆ. ಆ ವರ್ಷ ಅವರು ಸ್ವಾತಂತ್ರ್ಯ ಹೋರಾಟದಲ್ಲಿ ಬಂಧಿತರಾಗಿ ಪುಣೆಯ ಯರವಡಾ ಜೈಲಿನಲ್ಲಿ ನಾಲ್ಕು ತಿಂಗಳು ಇದ್ದರು. ಅವರು ಒಳಗಿದ್ದಾಗಲೇ ಮಾವ ತೀರಿಕೊಂಡರು. ಹೊರಬಂದು ನೋಡಿದರೆ ಪ್ರೆಸ್ ಜಪ್ತಿಯಾಗಿತ್ತು, ಶಾಲೆಗೆ ಬೀಗಮುದ್ರೆ ಬಿದ್ದಿತ್ತು, ಭಗಿನಿ ಮಂಡಲ ಕಾನೂನುಬಾಹಿರ ಸಂಸ್ಥೆ ಎನಿಸಿಕೊಂಡಿತ್ತು. ಕೈಯಲ್ಲಿ ಏನೂ ಉಳಿಯದ ಅಂಥ ಹೊತ್ತಿನಲ್ಲಿ ಅವರ ಪುಟ್ಟ ಮನೆ ಜೈಲಿನಿಂದ ಬಿಡುಗಡೆಯಾಗಿ ಬಂದ ಹೆಣ್ಣುಮಕ್ಕಳ ತಂಗುದಾಣವಾಯಿತು. ಉಟ್ಟ ಸೀರೆ ಹರಿದು, ಊರಿಗೆ ಹೋಗಲು ಕಾಸಿಲ್ಲದೆ, ಹೋದರೂ ಮನೆಯವರು ಒಳಗೆ ಸೇರಿಸುವರೋ ಇಲ್ಲವೋ ಎಂಬ ಅಂಜಿಕೆಯಲ್ಲಿ ಬಂದವರಿಗೆ ಅವರು ಊಟ ಹಾಕಿದರು, ಬಟ್ಟೆ ಕೊಟ್ಟರು, ದಾರಿಖರ್ಚಿಗೆ ಹಣ ಹೊಂದಿಸಿ ಊರಿಗೆ ಕಳುಹಿಸಿದರು. ಸತ್ಯಾಗ್ರಹದ ಚರಿತ್ರೆ ಬರೆದವರು ಜೈಲಿಗೆ ಹೋದವರ ಲೆಕ್ಕವನ್ನು ಶ್ರದ್ಧೆಯಿಂದ ಇಟ್ಟಿದ್ದಾರೆ. ಜೈಲಿನಿಂದ ಬಂದ ಹೆಂಗಸರು ಆ ರಾತ್ರಿ ಎಲ್ಲಿ ಮಲಗಿದರು ಎಂದು ಕೇಳಿದವರು ಕಡಿಮೆ.

ಸ್ವಾತಂತ್ರ್ಯಾನಂತರ ಅವರು ಪಿಂಚಣಿ, ಪ್ರಶಸ್ತಿ, ತಾಮ್ರಪತ್ರ ಯಾವುದನ್ನೂ ಸ್ವೀಕರಿಸಲಿಲ್ಲ. ಹುಬ್ಬಳ್ಳಿಯ 'ಆನಂದ ಸ್ಮೃತಿ' ಎಂಬ ಚಿಕ್ಕ ಮನೆಯಲ್ಲಿ ಬದುಕಿ 1992ರಲ್ಲಿ ಕೊನೆಯುಸಿರೆಳೆದರು. ಹೀಗಿರುವಾಗ ಅವರಿಗೊಂದು ಪುತ್ಥಳಿಯನ್ನೋ ವೃತ್ತವನ್ನೋ ಬೇಡುವುದು ಅವರ ಸ್ವಭಾವಕ್ಕೆ ಒಗ್ಗದ ಮಾತು. (ವೃತ್ತಗಳ ಹೆಸರಿನ ಜಗಳಗಳನ್ನು ತಾವು ಈಗಾಗಲೇ ಸಾಕಷ್ಟು ಬಗೆಹರಿಸಿರಬೇಕು.) ನನ್ನ ಬೇಡಿಕೆ ಅವರು ಮಾಡಿದ ಕೆಲಸವನ್ನು ಜಿಲ್ಲಾಡಳಿತ ಮುಂದುವರಿಸಲಿ ಎಂಬುದು.

ಧಾರವಾಡದಲ್ಲಿ ಕೇಂದ್ರ ಕಾರಾಗೃಹವಿದೆ. ಬಿಡುಗಡೆಯಾದ, ಆಸರೆಯಿಲ್ಲದ ಮಹಿಳಾ ಕೈದಿಗಳಿಗೂ ವಸತಿ ಕೊಡಬೇಕೆಂಬುದು ಸಂಕಷ್ಟದಲ್ಲಿರುವ ಮಹಿಳೆಯರಿಗಾಗಿ ಕೇಂದ್ರ ಸರ್ಕಾರ ತಂದ ಸ್ವಾಧಾರ ಗೃಹ ಯೋಜನೆಯಲ್ಲಿಯೇ ಇದ್ದ ಮಾತು. ಅದೇ ಯೋಜನೆ ಈಗ ಶಕ್ತಿ ಸದನವಾಗಿದೆ. ರಾಜ್ಯದ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವೂ ಇರುವುದರಿಂದ ಉಮಾಬಾಯಿ ಕೊಡುತ್ತಿದ್ದ ದಾರಿಖರ್ಚಿನ ಚಿಂತೆ ಅರ್ಧ ನೀಗಿದೆ ಎನ್ನಬಹುದು. ಆದರೆ ಆ ಬಸ್ಸಿನಲ್ಲಿ ಗುರುತಿನ ಚೀಟಿ ತೋರಿಸಬೇಕು. ವರ್ಷಗಟ್ಟಲೆ ಒಳಗಿದ್ದವಳ ಬಳಿ ಅದು ಇರದಿದ್ದರೆ, ಇದ್ದರೂ ಇಳಿದು ಹೋಗಲು ಮನೆಯೇ ಇರದಿದ್ದರೆ, ಉಚಿತ ಟಿಕೆಟ್‌ನಿಂದ ಅವಳಿಗೇನು ಪ್ರಯೋಜನ?

ಆದ್ದರಿಂದ ಮಹಿಳಾ ಕೈದಿಯ ಬಿಡುಗಡೆಯ ದಿನವನ್ನು ಕಾರಾಗೃಹದವರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಮುಂಚಿತವಾಗಿ ತಿಳಿಸುವಂತೆಯೂ, ಅವಳು ಬಯಸಿದರೆ ಇಲಾಖೆಯ ಒಬ್ಬ ಮಹಿಳಾ ಸಿಬ್ಬಂದಿ ಜೈಲಿನ ಬಾಗಿಲಿಗೇ ಬಂದು ಕರೆದೊಯ್ದು ಬಟ್ಟೆ, ಗುರುತಿನ ಚೀಟಿ, ಕೆಲವು ವಾರಗಳ ವಸತಿಯನ್ನು ಒದಗಿಸುವಂತೆಯೂ ತಾವು ಸೂಚಿಸಬೇಕು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಎರಡು ಇಲಾಖೆಗಳು ಪರಸ್ಪರ ಮಾತನಾಡಿದರೆ ಸಾಕು. ವ್ಯವಸ್ಥೆಗೆ ಉಮಾಬಾಯಿ ಅವರ ಹೆಸರಿಟ್ಟರೆ ಸಂತೋಷ, ಇಡದಿದ್ದರೂ ಬೇಸರವಿಲ್ಲ.

ಇನ್ನೊಂದು ಕೋರಿಕೆಯಿದೆ. ಬೆಳಗಾವಿಗೆ ಹೋದ ಆ 150 ಮಂದಿಯ ಹೆಸರು, ಊರುಗಳನ್ನು ಅವಳಿ ನಗರದ ಹಳೆಯ ಮನೆತನಗಳಿಂದ ಕೇಳಿ ಸಂಗ್ರಹಿಸುವ ಕೆಲಸವನ್ನು ರಾಜ್ಯ ಪತ್ರಾಗಾರ ಇಲಾಖೆಗೆ ವಹಿಸಿಕೊಡಿ. ಅವರನ್ನು ಕಂಡು ಬಲ್ಲ ಮೊಮ್ಮಕ್ಕಳಿಗೇ ಈಗ ಮುಪ್ಪು ಬಂದಿರುವುದರಿಂದ ಇದನ್ನು ಮುಂದಿನ ಬಜೆಟ್‌ವರೆಗೆ ತಡೆಹಿಡಿಯಬಾರದೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹುಬ್ಬಳ್ಳಿಯ ಒಬ್ಬ ನಾಗರಿಕ