ಮೂರು ಅಂಕಕ್ಕೆ ಇಷ್ಟೆಲ್ಲಾ ಯಾಕೆ?

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶದ ಮರುದಿನ ನಿಮ್ಮ ಪತ್ರಿಕೆ ಬಂದರೆ ನಾನು ಮೊದಲು ನೋಡುವುದು ಜಿಲ್ಲೆಗಳ ಪಟ್ಟಿ. 2024ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಮೊದಲು, ನಾವು ಎರಡನೆಯವರು. ಅಣ್ಣ ತಮ್ಮಂದಿರ ಪಂದ್ಯದ ಹಾಗೆ. ನನಗೂ ಹೆಮ್ಮೆಯೇ. ಆದರೆ ಕಳೆದ ರಜೆಯಲ್ಲಿ ನಮ್ಮ ಮನೆಯಲ್ಲಿ ನಡೆದದ್ದನ್ನು ಸ್ವಲ್ಪ ಹೇಳಬೇಕು.

ನನ್ನ ಪುಳ್ಳಿ, ಅಂದರೆ ಮೊಮ್ಮಗಳು, ಬೆಂಗಳೂರಿನ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೆಟ್) ಡಿಪ್ಲೊಮಾ ಓದುತ್ತಿದ್ದಾಳೆ. ಪಿಯುಸಿಯ ಹಾಗೆ ಅದೂ ಎರಡು ವರ್ಷದ್ದು. ಆರು ವಿಷಯ, ಒಂದೊಂದಕ್ಕೆ ಹೆಚ್ಚೆಂದರೆ ಏಳು ಅಂಕ, ಅದರ ಮೇಲೆ ಇನ್ನು ಮೂರು, ಎಲ್ಲ ಸೇರಿ 45. ನೂರಕ್ಕೆ ಎಷ್ಟಾಯ್ತು ಅಂತ ಕೇಳುವುದನ್ನು ನಾನು ಬಿಟ್ಟಿದ್ದೇನೆ. ಫೀಸು ಮಗ ಕಟ್ಟುತ್ತಾನೆ, ಆ ಮಾತು ಬೇಡ. ಸೇವೆ, ಚಟುವಟಿಕೆ ಅಂತ ಇನ್ನೊಂದಿದೆ. ಅದರಲ್ಲಿ ಫೋಟೊ ತೆಗೆಸಿಕೊಳ್ಳುವುದೇ ಜಾಸ್ತಿ ಅಂತ ನನ್ನ ಅನುಮಾನ.

ಆದರೆ ಅವರಿಗೆ ಒಂದು ದೊಡ್ಡ ಪ್ರಬಂಧ ಕಡ್ಡಾಯ. 4,000 ಪದ ಮೀರಬಾರದು. ಪ್ರಶ್ನೆಯನ್ನು ಮಕ್ಕಳೇ ಹುಡುಕಿಕೊಳ್ಳಬೇಕು. ಇವಳು ಹಿಡಿದದ್ದು ಮಂಗಳೂರು ಹೆಂಚನ್ನು. ಅದಕ್ಕೆ ಕಾರಣ ನಾನೇ. 31 ವರ್ಷ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ.

ಜಗಲಿಯಲ್ಲಿ ಕೂತು, ಮೊಬೈಲ್ ಮುಂದಿಟ್ಟು ಕೇಳಿದಳು. ನಾನೂ ಹುರುಪಿನಿಂದ ಹೇಳಿದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಶುರು ಮಾಡಿದ್ದು, ನೇತ್ರಾವತಿ ದಂಡೆಯ ಆವೆಮಣ್ಣು, ಅದು ದೋಣಿಯಲ್ಲಿ ಬರುತ್ತಿದ್ದದ್ದು, ಎಲ್ಲ. ಕಾರ್ಖಾನೆ ಯಾಕೆ ಮುಚ್ಚಿತು ಅಂದಳು. ತಾರಸಿ ಮನೆ ಬಂತು, ಮುಚ್ಚಿತು, ಅಂದೆ.

"ಅದು ನಿಮಗೆ ಹೇಗೆ ಗೊತ್ತು ಅಜ್ಜ?"

ನನಗೆ ಸಿಟ್ಟು ಬಂತು. ಅಲ್ಲಿ ದುಡಿದವನು ನಾನು, ಸಾಕ್ಷಿ ಕೇಳುವವಳು ಇವಳು! ರಾತ್ರಿ ಊಟಕ್ಕೆ ಕೂತಾಗಲೂ ಮಾತಾಡಲಿಲ್ಲ. ನಿದ್ದೆಯೂ ಬರಲಿಲ್ಲ. ಎದ್ದು ಟ್ರಂಕಿನಿಂದ ನನ್ನ ಹಳೆಯ ಡೈರಿಗಳನ್ನು ತೆಗೆದೆ. ನೋಡಿದರೆ, ನಮ್ಮ ಓಣಿಯಲ್ಲಿ ಒಂದೇ ಒಂದು ತಾರಸಿ ಮನೆ ಇಲ್ಲದ ಕಾಲದಲ್ಲೇ "ಮಣ್ಣು ಬಂದಿಲ್ಲ", "ಸೌದೆ ಇಲ್ಲ, ಭಟ್ಟಿ ಬಂದ್" ಅಂತ ನಾನೇ ಬರೆದಿದ್ದೇನೆ. ಅವಳಿಗೆ ಕೈಬರಹದ ಕನ್ನಡ ಓದಲು ಕಷ್ಟ. ಬೆಳಿಗ್ಗೆ ನಾನೇ ಓದಿ ಹೇಳಿದೆ.

ಆಮೇಲೆ ಅವಳು ಅನುಮತಿ ಪಡೆದು ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹದಲ್ಲಿ ಮೂರು ದಿನ ಕೂತಳು. ಉಳ್ಳಾಲಕ್ಕೆ ಒಬ್ಬಳೇ ಬಸ್ಸಿನಲ್ಲಿ ಹೋಗಿ, ನಮ್ಮಲ್ಲಿ ಹೆಂಚು ಹೊರುತ್ತಿದ್ದ ಒಬ್ಬ ಅಜ್ಜಿಯ ಹತ್ತಿರ ತನ್ನ ಅರೆಬರೆ ತುಳುವಿನಲ್ಲಿ ಎರಡು ಗಂಟೆ ಮಾತಾಡಿ ಬಂದಳು. ನೆಂಟರು ಬಂದರೆ ಕೋಣೆಯಿಂದ ಹೊರಗೆ ಬಾರದಿದ್ದ ಹುಡುಗಿ ಇವಳೇ ಅಲ್ವಾ ಅಂತ ನನ್ನವಳು ಕೇಳಿದಳು. ಬೀಡಿ ಕಟ್ಟುವುದಾದರೆ ಮನೆಯಲ್ಲೇ ಕೂತು ಮಾಡಬಹುದು, ಮಕ್ಕಳನ್ನೂ ನೋಡಿಕೊಳ್ಳಬಹುದು, ಅದಕ್ಕೆ ಕಾರ್ಖಾನೆ ಬಿಟ್ಟೆ ಅಂದಿದ್ದಾರೆ ಆ ಅಜ್ಜಿ. ಅವರ ಹೆಸರಿನ ಮುಂದೆ ಗೈರುಹಾಜರಿ ಹಾಕಿದವನು ನಾನು. ಯಾಕೆ ಬರಲಿಲ್ಲ ಅಂತ ಒಮ್ಮೆಯೂ ಕೇಳಿರಲಿಲ್ಲ.

ಪಕ್ಕದ ಮನೆಯ ಹುಡುಗ ಪಿಯುಸಿ ವಿಜ್ಞಾನ. ಬೆಳಿಗ್ಗೆ ಕಾಲೇಜು, ಸಂಜೆ ನೀಟ್ ಕೋಚಿಂಗ್. ಇದಕ್ಕೆ ಎಷ್ಟು ಮಾರ್ಕು ಅಂತ ಕೇಳಿದ. ಈ ಪ್ರಬಂಧ ಮತ್ತು ಜ್ಞಾನದ ಬಗ್ಗೆ ಇರುವ ಇನ್ನೊಂದು ಪಾಠ, ಎರಡೂ ಸೇರಿ ಹೆಚ್ಚೆಂದರೆ ಮೂರು ಅಂದಳು. "ಮೂರು ಅಂಕಕ್ಕೆ ಇಷ್ಟೆಲ್ಲಾ ಯಾಕೆ?" ಅಂತ ನಕ್ಕ. ಆದರೆ ಮರುದಿನ ಬಂದು ಡೈರಿ ನೋಡಬಹುದಾ ಅಂದ. ಒಂದು ಗಂಟೆ ಓದಿದ, ಅಷ್ಟರಲ್ಲಿ ಕೋಚಿಂಗ್‌ಗೆ ಹೊತ್ತಾಯಿತು.

ನಮ್ಮ ಎರಡೂ ಜಿಲ್ಲೆಗಳ ಪಿಯು ಕಾಲೇಜುಗಳಲ್ಲಿ ನನ್ನದೊಂದು ಕೋರಿಕೆ. ಮೊದಲ ಪಿಯುಸಿ ಮುಗಿದ ರಜೆಯಲ್ಲಿ ಮಕ್ಕಳಿಗೆ ತಮ್ಮ ಊರಿನದೇ ಒಂದು ಪ್ರಶ್ನೆ ಹಿಡಿದು ಹತ್ತು ಪುಟ ಬರೆಯಲು ಹೇಳಿ. ಕನ್ನಡವಾದರೂ ಸರಿ, ಇಂಗ್ಲಿಷಾದರೂ ಸರಿ. ಅಂಕ ಬೇಡ. ಲಕ್ಷಗಟ್ಟಲೆ ಫೀಸೂ ಬೇಕಿಲ್ಲ, ಓದಿ ನೋಡುವ ಒಬ್ಬ ಉಪನ್ಯಾಸಕರಿದ್ದರೆ ಸಾಕು. ನೀವೂ ರ‍್ಯಾಂಕ್ ಬಂದವರ ಫೋಟೊಗಳ ನಡುವೆ ಅಂಥ ಒಂದೆರಡು ಬರಹಕ್ಕೆ ಜಾಗ ಕೊಡಿ. ಹೆಂಚಿನ ವಿಷಯ ಬೇಕಾದವರಿಗೆ ನನ್ನ ಡೈರಿಗಳಿವೆ. 1984ರದ್ದನ್ನು ಮಾತ್ರ ಗೆದ್ದಲು ತಿಂದಿದೆ.

– ನಿವೃತ್ತ ಗುಮಾಸ್ತ, ಜೆಪ್ಪು, ಮಂಗಳೂರು