ಶನಿವಾರದ ಚರ್ಚೆ: ಬರುವ ಮೊದಲು ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಸಂಜೆ 5ಕ್ಕೆ ಆನ್‌ಲೈನ್‌ನಲ್ಲಿ ಸೇರೋಣ. ವಿಷಯ ಸ್ತ್ರೀವಾದಿ ಎಥ್ನೋಗ್ರಫಿ, ಅಂದರೆ ಜನರ ಜೊತೆ ಬೆರೆತು ಅವರ ಬದುಕನ್ನು ಸ್ತ್ರೀವಾದಿ ನೋಟದಿಂದ ಅರಿಯುವ ಸಂಶೋಧನೆ. ಜನರ ನಡುವೆ ಇದ್ದು ಸಂಶೋಧನೆ ಮಾಡುತ್ತಿರುವವರು ತಪ್ಪದೆ ಬನ್ನಿ, ಉಳಿದವರಿಗೂ ಸ್ವಾಗತ.

1988ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞೆ ಜೂಡಿತ್ ಸ್ಟೇಸಿ ಎತ್ತಿದ ಪ್ರಶ್ನೆಯಿಂದ ಶುರು ಮಾಡೋಣ. ನಾವು ಆಪ್ತವಾಗಿ ಬೆರೆತಷ್ಟೂ ಎದುರಿನವರು ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಆ ಮಾತೇ ನಮ್ಮ ಪ್ರಬಂಧಕ್ಕೆ ಸರಕಾಗುತ್ತದೆ. ಕೆಲಸ ಮುಗಿದ ಮೇಲೆ ನಾವು ಹೊರಟುಬಿಡುತ್ತೇವೆ, ಅವರು ಅಲ್ಲೇ ಉಳಿಯುತ್ತಾರೆ. ಹಾಗಾದರೆ ಗೆಳೆತನವೇ ಶೋಷಣೆಗೆ ದಾರಿಯಾಗಬಹುದು, ಅಲ್ವಾ? ನ್ಯಾಯದ ಪರ ಅಂತ ಹೇಳಿಕೊಳ್ಳುವ ನಾವು ಇದಕ್ಕೆ ಉತ್ತರ ಕೊಡಲೇಬೇಕು. ಎಲ್ಲಿಯೂ ನಿಲ್ಲದೆ ಎಲ್ಲವನ್ನೂ ಕಾಣುವ ನೋಟ ಯಾರಿಗೂ ಇಲ್ಲ ಎಂಬ ಸ್ತ್ರೀವಾದಿ ಚಿಂತಕಿ ಡೊನ್ನಾ ಹಾರವೇ ಅವರ ವಾದವೂ ಅದೇ ವರ್ಷದ್ದು. ಅದನ್ನೂ ಮಾತಾಡೋಣ.

ನಿಮ್ಮ ಕ್ಷೇತ್ರ ಟಿಪ್ಪಣಿಯ (ಜನರ ನಡುವೆ ಇದ್ದಾಗ ಬರೆದುಕೊಂಡದ್ದು) ಒಂದು ಪುಟ ತನ್ನಿ. ಹೆಸರು, ಊರು, ಗುರುತು ಸಿಗುವ ವಿವರ ಮೊದಲೇ ತೆಗೆದುಬಿಡಿ. ಮಾತಾಡಿದವರ ಒಪ್ಪಿಗೆ ಇಲ್ಲದಿದ್ದರೆ ತರಬೇಡಿ. ವರ್ಗ, ಜಾತಿ, ಲಿಂಗ ಇವುಗಳಲ್ಲಿ ನೀವು ಎಲ್ಲಿ ನಿಂತು ಬರೆದಿರಿ ಅಂತ ಎರಡು ಸಾಲು ಸೇರಿಸಿ. ಸಂದರ್ಶನದ ಆಡಿಯೋಗಳನ್ನು ಈ ಗುಂಪಿಗೆ ದಯವಿಟ್ಟು ಹಾಕಬೇಡಿ.

ಬರುವವರು ಗುರುವಾರದೊಳಗೆ ಇಲ್ಲೇ ತಿಳಿಸಿ.