ಪುಟ್ಟಿಗೆ, ಗುರುವಾರದ ಮೊದಲು

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಮೂರು ಸಲ ಓದಿದೆ. ಬಿಪಿ, ಶುಗರ್, ತೂಕ, ಸ್ಕ್ಯಾನು ಎಲ್ಲ ಸರಿಯಿದೆ ಅಂತ ನಿಮ್ಮಮ್ಮ ದಿನಾ ಫೋನಿನಲ್ಲಿ ವರದಿ ಒಪ್ಪಿಸುತ್ತಾಳೆ, ಆ ಮಾತು ಬೇಡ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಪಕ್ಕದಲ್ಲಿ ನಗುವ ಮುಖ ಬೇರೆ ಹಾಕಿ. "ಗುರುವಾರ ಅಡ್ಮಿಟ್ ಆಗಿ ನೋವು ಬರಿಸಿಕೊಂಡರೂ ಸರಿ, ಕಾದರೂ ಸರಿ, ನೀವೇ ಹೇಳಿ ಅಂದರು ಡಾಕ್ಟರು. ಏನಾದರೂ ಹೆಚ್ಚುಕಮ್ಮಿ ಆದರೆ ನಾನೇ ಮಾಡಿಕೊಂಡದ್ದು ಅಂತ ಆಗುತ್ತಲ್ವಾ ದೊಡ್ಡಮ್ಮ?" ಆ ಸಾಲು ಓದಿ ರಾತ್ರಿ ನಿದ್ದೆ ಹತ್ತಲಿಲ್ಲ.

ನನ್ನ ಕಾಲದಲ್ಲಿ ಹೀಗೆ ಕೇಳುವವರೇ ಇರಲಿಲ್ಲ. 1981ರಲ್ಲಿ ಸಾಗರದ ಆಚೆಯ ಆ ಹಳ್ಳಿ ಮನೆಯಲ್ಲಿ ಬಸುರಿಯ ಇಷ್ಟ ಯಾರಿಗೆ ಬೇಕಿತ್ತು? ಅಜ್ಜಿ ಒಂಬತ್ತು ತಿಂಗಳು ಒಂಬತ್ತು ದಿನ ಎಣಿಸಿ ಕ್ಯಾಲೆಂಡರಿನ ಮೇಲೆ ಸುಣ್ಣದ ಬೊಟ್ಟು ಇಟ್ಟಿದ್ದರು. (ಡಾಕ್ಟರುಗಳ ಲೆಕ್ಕವೂ ಹೆಚ್ಚುಕಡಿಮೆ ಅದೇ ಅಂತ ಈಗ ಗೊತ್ತಾಯಿತು. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸುತ್ತಾರಂತೆ, ಒಟ್ಟು 280 ದಿನ. ಅಜ್ಜಿ ಎರಡು ದಿನ ಕೊಸರು ಹಾಕಿದ್ದರು, ಅಷ್ಟೇ.) ಬೊಟ್ಟಿನ ದಿನ ದಾಟಿತು. ನಾಲ್ಕನೆಯ ದಿನ ಹರಳೆಣ್ಣೆ ಕುಡಿಸಿದರು. ಮುಂದಿನ ಕಥೆಯನ್ನು ನಿಮ್ಮಮ್ಮ ಎಲ್ಲರ ಮದುವೆ ಮನೆಯಲ್ಲೂ ಹೇಳಿ ನಗಿಸಿದ್ದಾಳೆ. ಲಾಟೀನು ಹಿಡಿದು ಆ ಮಳೆಯಲ್ಲಿ ನನ್ನನ್ನು ರಾತ್ರಿಯಿಡೀ ಹಿತ್ತಿಲಿಗೆ ಕರೆದೊಯ್ದವಳು ಅವಳೇ ಅಲ್ವಾ.

ಅವಳಿಗೆ ಗೊತ್ತಿಲ್ಲದ್ದು ಒಂದಿದೆ. ಬೆಳಗಿನ ಜಾವ ಹೊಟ್ಟೆಯೆಲ್ಲ ಖಾಲಿಯಾಗಿ, ಹೆರಿಗೆ ನೋವು ಮಾತ್ರ ಬರದೆ ಬಿದ್ದುಕೊಂಡಿದ್ದಾಗ, ನಾನೇ ಏನೋ ತಪ್ಪು ಮಾಡಿದ್ದೇನೆ ಅನಿಸಿತ್ತು. ಹೊಸಿಲ ಮೇಲೆ ಕೂತದ್ದಕ್ಕಾ, ಅತ್ತೆಗೆ ಎದುರು ಮಾತಾಡಿದ್ದಕ್ಕಾ, ಸುಮ್ನೆ ಹುಡುಕುತ್ತಾ ಇದ್ದೆ. ಮೂರು ದಿನ ಬಿಟ್ಟು ನೋವು ತಾನಾಗಿ ಬಂತು, ನಿನ್ನ ಅಣ್ಣ ಹುಟ್ಟಿದ, ಎಲ್ಲರೂ ಮರೆತರು. ಯಾವುದೂ ನನ್ನ ಕೈಯಲ್ಲಿ ಇರಲಿಲ್ಲ, ಆದರೂ ಆ ಭಯ ನನಗೆ ಬಂದಿತ್ತು ನೋಡು. ಹಾಗಾಗಿ ನಿನ್ನ ಡಾಕ್ಟರನ್ನು ಬೈಯಬೇಡ. ಅವರು ಕೇಳಿದ್ದರಿಂದ ಹುಟ್ಟಿದ ಭಯ ಅಲ್ಲ ಇದು.

ಎಲ್ಲಿಂದ ಹುಟ್ಟುತ್ತದೆ ಅಂತ ನನಗೆ ಗೊತ್ತು. ನನ್ನಂಥವರ ಬಾಯಿಂದ.

ಇದನ್ನು ನಾನು ಯಾರಿಗೂ ಹೇಳಿಲ್ಲ. 2012ರಲ್ಲಿ ನಿನ್ನ ಅತ್ತಿಗೆಯ ಮೊದಲ ಹೆರಿಗೆ. ಡೇಟ್ ಆಗಿ ಎರಡು ದಿನ ಕಳೆದಿತ್ತು. ನೀರು ಸ್ವಲ್ಪ ಕಡಿಮೆ ಕಾಣುತ್ತಿದೆ, ನೋವು ಬರಿಸೋಣ ಅಂದರು. ಇವಳು ಯೋಚನೆ ಮಾಡಿ, ಗಂಡನ ಹತ್ತಿರ ಮಾತಾಡಿ, ಆಯ್ತು ಅಂದಳು. ಜೆಲ್ ಇಟ್ಟರು, ಡ್ರಿಪ್ ಹಾಕಿದರು, ಒಂದು ಹಗಲು ಒಂದು ರಾತ್ರಿ. ಕೊನೆಗೆ ಮಗುವಿನ ಹಾರ್ಟ್‌ಬೀಟ್ ಇಳಿಯಿತು ಅಂತ ಆಪರೇಷನ್. ಮಗು ಚೆನ್ನಾಗಿತ್ತು, ತಾಯಿ ಚೆನ್ನಾಗಿದ್ದಳು. ಮೂರನೆಯ ದಿನ ಫ್ಲಾಸ್ಕಿನಲ್ಲಿ ಮೆಣಸಿನ ಸಾರು ತುಂಬಿಕೊಂಡು ಹೋದೆ. ಲೋಟಕ್ಕೆ ಬಗ್ಗಿಸುತ್ತಾ, ಕೆಟ್ಟ ಮನಸ್ಸಿನಿಂದಲ್ಲ, ಮಾತಿಗೆ ಮಾತು ಅಂತ ಹೇಳಿಬಿಟ್ಟೆ. "ಇನ್ನೆರಡು ದಿನ ಕಾಯಬಹುದಿತ್ತೇನೋ ಅಲ್ವಾ?"

ಅವಳು ಏನೂ ಹೇಳಲಿಲ್ಲ. ಎಡಗೈ ಮೇಲೆ ಡ್ರಿಪ್ಪಿನ ಸೂಜಿ ಕೂರಿಸಿ ಬಿಳಿ ಪ್ಲಾಸ್ಟರ್ ಹಾಕಿರುತ್ತಾರಲ್ಲ, ಅದರ ಅಂಚನ್ನು ಉಗುರಿನಿಂದ ಎಬ್ಬಿಸುತ್ತಾ, ಮತ್ತೆ ಒತ್ತಿ ಅಂಟಿಸುತ್ತಾ ಇದ್ದಳು. ಎಬ್ಬಿಸುವುದು, ಒತ್ತುವುದು. ಸಾರು ತಣ್ಣಗಾಯಿತು. ನಾನು ಅವಳಿಗೆ ಖಾರ ಜಾಸ್ತಿ ಆಯಿತೇನೋ ಅಂದುಕೊಂಡೆ, ನೋಡು ನನ್ನ ಬುದ್ಧಿ.

ಎರಡನೆಯ ಬಸುರಿನಲ್ಲಿ, ಕೊನೆಯ ವಾರ, ಬೆಳಗ್ಗಿನಿಂದ ಮಗುವಿನ ಮಿಸುಕಾಟ ಕಡಿಮೆ ಆಗಿತ್ತಂತೆ. ಸಂಜೆಯವರೆಗೂ ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಮತ್ತೆ ಆಸ್ಪತ್ರೆ, ಮತ್ತೆ ಡ್ರಿಪ್ಪು, ಮತ್ತೆ "ಅವಸರ ಮಾಡಿದೆ" ಅನ್ನುವ ಮಾತು. ದೇವರು ದೊಡ್ಡವನು, ಏನೂ ಆಗಲಿಲ್ಲ. ಇದನ್ನು ನನಗೆ ಮಗ ಹೇಳಿದ್ದು ಎಷ್ಟೋ ವರ್ಷದ ಮೇಲೆ, ಅದೂ ಬೇರೆ ಏನೋ ಜಗಳದಲ್ಲಿ. ಆವತ್ತಿನಿಂದ ಆ ಪ್ಲಾಸ್ಟರಿನ ಅಂಚು ಕಣ್ಣ ಮುಂದೆ ಬರುತ್ತದೆ. ಈಗ ನಿನ್ನ ಸಾಲು ಓದಿದಾಗಲೂ ಅದೇ ಬಂತು. ತುಂಬಿದ ಬಸುರಿಗೆ ಇಂಥದ್ದೆಲ್ಲ ಹೇಳಬಾರದು ಅಂತ ಗೊತ್ತು. ಆದರೆ ಹೇಳದೆ ಹೇಗೆ ಬರೆಯಲಿ?

ಗುರುವಾರ ಹೋಗಬೇಕಾ ಬೇಡವಾ ಅಂತ ನನ್ನನ್ನು ಕೇಳಿದ್ದೀಯ. ನನಗೇನು ಗೊತ್ತು? ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಸಿಸ್ಟರ್ ಒಬ್ಬರಿದ್ದಾರೆ, ಮೂವತ್ತು ವರ್ಷ ಲೇಬರ್ ವಾರ್ಡಿನಲ್ಲೇ ಇದ್ದವರು. ನಿನ್ನೆ ಸಂಜೆ ಅವರ ಜಗಲಿಯಲ್ಲಿ ಕೂತು ತಲೆ ತಿಂದೆ. ಅವರು ಹೇಳಿದ್ದು ಕೇಳಿ ನನಗೆ ಸ್ವಲ್ಪ ಆಶ್ಚರ್ಯವೇ ಆಯಿತು. ನೋವು ಬರಿಸಿದರೆ ಸಿಸೇರಿಯನ್ ಗ್ಯಾರಂಟಿ ಅಂತ ನಾವೆಲ್ಲ ನಂಬಿದ್ದೇವೆ ಅಲ್ವಾ? ಅಮೆರಿಕದಲ್ಲಿ 6 ಸಾವಿರಕ್ಕೂ ಹೆಚ್ಚು ಚೊಚ್ಚಲ ಬಸುರಿಯರನ್ನು, ಯಾವ ತೊಂದರೆಯೂ ಇಲ್ಲದವರನ್ನು, ಎರಡು ಗುಂಪು ಮಾಡಿ ನೋಡಿದರಂತೆ. 2018ರಲ್ಲಿ ಅದು ಪ್ರಕಟವಾಯಿತು. 39ನೇ ವಾರದಲ್ಲಿ ನೋವು ಬರಿಸಿದವರಲ್ಲಿ ನೂರಕ್ಕೆ ಸುಮಾರು 19 ಜನಕ್ಕೆ ಸಿಸೇರಿಯನ್ ಆಯಿತು, ಕಾದವರಲ್ಲಿ 22 ಜನಕ್ಕೆ. ಕಾದವರಲ್ಲೇ ಸ್ವಲ್ಪ ಜಾಸ್ತಿ! ಹಾಗಂತ ಎಲ್ಲರೂ ಓಡಿಹೋಗಿ ಅಡ್ಮಿಟ್ ಆಗಬೇಕಾ ಅಂದರೆ ಅದೂ ಅಲ್ಲ. ಎಲ್ಲ ಸರಿಯಿದ್ದರೆ 41 ವಾರ ತುಂಬುವ ಮೊದಲು ನೋವು ಬರಿಸುವ ಅಗತ್ಯವಿಲ್ಲ, 41 ತುಂಬಿದ ಮೇಲೆ ಸುಮ್ಮನೆ ಕಾಯಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದಂತೆ. ಅಂದರೆ ನಿನ್ನ ಡಾಕ್ಟರು "ಎರಡೂ ಸರಿ" ಅಂದದ್ದು ಜಾರಿಕೊಳ್ಳಲು ಹೇಳಿದ ಮಾತಲ್ಲ. ಎರಡೂ ಸರಿಯೇ. ಎರಡೂ ಸರಿ ಇರುವಾಗ ಯಾವುದನ್ನು ಹಿಡಿದರೂ ನೀನೇ ಮಾಡಿಕೊಂಡದ್ದು ಅಂತ ಹೇಗಾಗುತ್ತದೆ? ನಾನು ಇದನ್ನೇ ತಿರುಗಿ ತಿರುಗಿ ಹೇಳುತ್ತಿದ್ದೇನೆ, ಗೊತ್ತು.

ಸಿಸ್ಟರ್ ಇನ್ನೂ ಕೆಲವು ಹೇಳಿದರು, ನೆನಪಿದ್ದಷ್ಟು ಬರೆಯುತ್ತೇನೆ. ನಿನಗೆ ಗೊತ್ತಿದ್ದರೆ ಬಿಡು. ಗರ್ಭಚೀಲದ ಬಾಯಿ ಮೆತ್ತಗಾಗಿದೆಯಾ, ಎಷ್ಟು ತೆರೆದಿದೆ, ಮಗುವಿನ ತಲೆ ಎಷ್ಟು ಕೆಳಗಿದೆ ಅಂತೆಲ್ಲ ನೋಡಿ 13ಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರಂತೆ, ಬಿಷಪ್ ಸ್ಕೋರ್ ಅಂತ. ನಿನ್ನದು ಎಷ್ಟು ಅಂತ ಕೇಳು. ಕಡಿಮೆಯಿದ್ದರೆ ಮೊದಲು ಬಾಯಿ ಮೆತ್ತಗಾಗಲು ಜೆಲ್ಲೋ ಬಲೂನೋ ಇಡುತ್ತಾರೆ, ಆಮೇಲೆ ಡ್ರಿಪ್ಪು, ಎರಡು ದಿನ ಹಿಡಿದರೂ ಹಿಡಿಯಿತು. ಬೆಳಗ್ಗೆ ಹೋಗಿ ಸಂಜೆ ಮಗು ಅಂತ ಅಂದುಕೊಂಡು ಹೋಗಬೇಡ. ತಾಯಿ ಮಗು ಚೆನ್ನಾಗಿದ್ದರೆ, ನೀರು ಒಡೆದ ಮೇಲೆ ಡ್ರಿಪ್ಪಿನಲ್ಲಿ 12ರಿಂದ 18 ಗಂಟೆಯಾದರೂ ನೋಡಬೇಕು, ಅದಕ್ಕೆ ಮೊದಲೇ "ಆಗಲಿಲ್ಲ" ಅನ್ನಬಾರದು ಅಂದರು. ನೀವು ಎಷ್ಟು ಹೊತ್ತು ಕಾಯುತ್ತೀರಿ ಅಂತ ಮೊದಲೇ ಕೇಳಿಬಿಡು, ಕೇಳಿದರೆ ಯಾರೂ ಕಚ್ಚಲ್ಲ. ಆಮೇಲೆ ನಿನ್ನ ಡೇಟ್ ಯಾವ ಲೆಕ್ಕದ್ದು? ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿನದ್ದಾದರೆ ನಂಬಬಹುದು. ಮುಟ್ಟು ಏರುಪೇರು ಇದ್ದವರಿಗೆ ಬರೀ ಮುಟ್ಟಿನ ಲೆಕ್ಕ ಕೈಕೊಡುತ್ತದಂತೆ.

ಅಮಾವಾಸ್ಯೆ ಕಳೆಯಲಿ ಅಂತ ನಿಮ್ಮ ಅತ್ತೆ ಅಂದರು ಅಂತ ಬರೆದಿದ್ದೀಯ. ಅದಕ್ಕೆ ನಾನು ಏನೂ ಹೇಳಲ್ಲ. ನಾನೂ ಒಂದು ಕಾಲದಲ್ಲಿ ಅದನ್ನೇ ಹೇಳುತ್ತಿದ್ದೆ.

ಕಾಯುವುದು ಅಂತ ನಿರ್ಧಾರ ಮಾಡಿದರೆ ಒಂದೇ ಮಾತು. ಮಗು ಮಿಸುಕುವುದು ಕಡಿಮೆ ಅನಿಸಿದ ಕೂಡಲೇ, ಮಧ್ಯರಾತ್ರಿಯಾದರೂ ಸರಿ, ಗಾಡಿ ಹತ್ತಿ ಹೋಗು. ಸುಮ್ನೆ ಹೋಗಿ ಬಂದೆ ಅಂತಾದರೆ ಆಗಲಿ. ಹತ್ತು ಸಲ ಆಗಲಿ. ಯಾರಾದರೂ ಅವಸರ ಅಂದರೆ ದೊಡ್ಡಮ್ಮ ಹೇಳಿದ್ದಾಳೆ ಅನ್ನು, ನನ್ನ ಮೇಲೆ ಹಾಕು. ನನಗೆ ಅಭ್ಯಾಸ ಇದೆ.

ನಿನ್ನ ಪತ್ರ ಬಂದ ರಾತ್ರಿಯೇ ನಿನ್ನ ಅತ್ತಿಗೆಗೆ ಫೋನ್ ಮಾಡಿದೆ. ಆವತ್ತು ಸಾರು ತಂದ ದಿನ ಒಂದು ಮಾತು ಹೇಳಿದ್ದೆ, ನೆನಪಿದೆಯಾ ಅಂತ ಶುರು ಮಾಡಿದೆ. ಆ ಕಡೆ ಒಂದಿಷ್ಟು ಹೊತ್ತು ಏನೂ ಕೇಳಲಿಲ್ಲ. ಆಮೇಲೆ "ಇರಲಿ ಅತ್ತೆ, ಕುಕ್ಕರ್ ಕೂಗ್ತಿದೆ" ಅಂದಳು. ಫೋನಿನಲ್ಲಿ ನನಗಂತೂ ಕುಕ್ಕರ್ ಕೇಳಿಸಲಿಲ್ಲ. ಇನ್ನೊಂದು ಸಲ ಮಾಡುತ್ತೇನೆ.

ಮಗು ಬಂದ ದಿನ ಫೋನು ಮಾಡಿದವರೆಲ್ಲ ಮೊದಲು ಕೇಳುವುದು "ನಾರ್ಮಲ್ಲಾ, ಸಿಸೇರಿಯನ್ನಾ?" ಅಂತ. ಎರಡನೆಯದು ಗಂಡಾ ಹೆಣ್ಣಾ. ನಿನ್ನ ಗಂಡನಿಗೆ ಹೇಳಿಡು, ಮೊದಲನೆಯದಕ್ಕೆ "ಇಬ್ಬರೂ ಚೆನ್ನಾಗಿದ್ದಾರೆ" ಅಂದರೆ ಸಾಕು. ನಾನು ಕೇಳಲ್ಲ. ಬಾಯಿ ತಪ್ಪಿ ಕೇಳಿದರೆ ಫೋನ್ ಇಟ್ಟುಬಿಡು.

ಬಾಣಂತನಕ್ಕೆ ಕಾಳುಮೆಣಸು, ಒಣಶುಂಠಿ ತೆಗೆದಿಟ್ಟಿದ್ದೇನೆ. ನಿಮ್ಮಮ್ಮ ಬುಧವಾರ ಬರುತ್ತಾಳಲ್ಲ, ಅವಳ ಕೈಯಲ್ಲೇ ಕಳಿಸುತ್ತೇನೆ. ಬಂದ ಕೂಡಲೇ ಅವಳ ಚೀಲ ಒಂದು ಸಲ ನೋಡು. ಅಡಿಯಲ್ಲಿ ಸೀರೆಯೊಳಗೆ ಸುತ್ತಿ ಹರಳೆಣ್ಣೆ ಸೀಸೆ ತಂದಿರುತ್ತಾಳೆ. ಅಷ್ಟು ನಕ್ಕವಳೇ, ಆದರೂ ತರುತ್ತಾಳೆ. ತೆಗೆದು ದೇವರ ದೀಪಕ್ಕೆ ಹಾಕು.

ನಿನ್ನ,
ದೊಡ್ಡಮ್ಮ